ಅನ್ನ ನಿಲ್ಲಿಸಿ, ನೀರು ನಿಲ್ಲಿಸಬೇಡಿ

ಕೇಳುಗರಿಗೆ ನಮಸ್ಕಾರ. ಮಾಜಾಳಿಯಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದವರೆಗೆ ಅಂಗಳದಲ್ಲೊಂದು ನಾಯಿ ಸಾಕಿಕೊಂಡ ಎಲ್ಲರೊಂದಿಗೆ ನಾನು ಮಾತನಾಡುತ್ತಿದ್ದೇನೆ. ನಿಮ್ಮ ನಾಯಿ ಬೆಳಗಿನಿಂದ ಎರಡು ಸಲ ವಾಂತಿ ಮಾಡಿದೆ, ನೀರಿನಂತೆ ಭೇದಿಯಾಗುತ್ತಿದೆ, ಕಟ್ಟಿಗೆ ರಾಶಿಯ ಹಿಂದೆ ಮುದುಡಿ ಮಲಗಿದೆ. ಆಗ ಮೊದಲು ಏನು ಮಾಡುತ್ತೀರಿ? ಒಂದು ಬಟ್ಟಲು ಹಾಲು ತಂದಿಡುತ್ತೀರಿ. ಎಷ್ಟು ಸಲ ಹೇಳಿದರೂ ಇಡುತ್ತೀರಿ! ದಯವಿಟ್ಟು ಬೇಡ. ಬೆಳೆದ ನಾಯಿಗೆ ಹಾಲಿನಲ್ಲಿರುವ ಸಕ್ಕರೆ ಸರಿಯಾಗಿ ಅರಗುವುದಿಲ್ಲ. ಕೆಟ್ಟ ಹೊಟ್ಟೆಗೆ ಹಾಲು ಬಿದ್ದರೆ ಭೇದಿ ಹೆಚ್ಚುತ್ತದೆ.

ನನ್ನದು ಒಂದೇ ಮಾತು. ಅನ್ನ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಬೆಳೆದ ನಾಯಿ 12 ತಾಸು ಉಪವಾಸವಿದ್ದರೆ ಏನೂ ಆಗುವುದಿಲ್ಲ, ಹೊಟ್ಟೆಗೆ ಬಿಡುವು ಸಿಗುತ್ತದೆ. ಆದರೆ ವಾಂತಿ, ಭೇದಿಯಲ್ಲಿ ಮೈಯ ನೀರು, ಲವಣ ಎರಡೂ ಹರಿದುಹೋಗುತ್ತವೆ. ಅದನ್ನು ತುಂಬಿಕೊಡಲೇಬೇಕು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾರವಾರದ ಬೈತಖೋಲದ ಹತ್ತಿರ ಒಂದು ಮನೆ. ಜೂನ್ ತಿಂಗಳು, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮನೆಮನೆಯಲ್ಲೂ ಒಣಮೀನಿನ ಬುಟ್ಟಿ ಕೆಳಗಿಳಿದಿತ್ತು. ಆ ಮನೆಯ ಕಂದು ನಾಯಿ ನಾಲ್ಕಾರು ಒಣ ಬಂಗಡೆ ಕದ್ದು ತಿಂದು, ಬಾಯಾರಿ ಬಟ್ಟಲು ಬಟ್ಟಲು ನೀರು ಕುಡಿದು, ಕುಡಿದದ್ದನ್ನೆಲ್ಲ ಕಕ್ಕಿತು. ನೀರು ಕುಡಿದರೆ ತಾನೇ ವಾಂತಿ ಎಂದು ಮನೆಯವರು ನೀರಿನ ಬಟ್ಟಲನ್ನೇ ಎತ್ತಿಟ್ಟರು. ಮರುದಿನ ಸಂಜೆ, ಧೋ ಎಂದು ಸುರಿಯುವ ಮಳೆಯಲ್ಲಿ ನನ್ನನ್ನು ಕರೆದೊಯ್ದರು. ತುಟಿ ಎತ್ತಿ ನೋಡಿದೆ. ಒಸಡು ಒಣಗಿ ಬೆರಳಿಗೆ ಅಂಟುತ್ತಿತ್ತು. ಹೆಗಲ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟರೆ ಗುಡಾರದಂತೆ ನಿಂತೇ ಇತ್ತು. ಹೊರಗೆ ಅಷ್ಟು ಮಳೆ, ಒಳಗೆ ನಾಯಿ ನೀರಿಲ್ಲದೆ ಬತ್ತುತ್ತಿತ್ತು.

ವಾಂತಿ ನಿಲ್ಲಲು ಚುಚ್ಚುಮದ್ದು ಕೊಟ್ಟೆ, ಚರ್ಮದಡಿ ದ್ರವ ಏರಿಸಿದೆ. ಆಮೇಲೆ ಆ ಮನೆಯ ಐದನೇ ತರಗತಿಯ ಹುಡುಗಿಯನ್ನು ಕರೆದು, ಹತ್ತು ನಿಮಿಷಕ್ಕೊಮ್ಮೆ ಎರಡೇ ಚಮಚ ನೀರು, ಕೆನ್ನೆಯ ಬದಿಯಿಂದ ಮೆಲ್ಲಗೆ ಬಿಡು ಎಂದೆ. ಅವಳು ಗೋಡೆ ಗಡಿಯಾರದ ಕೆಳಗೆ ಚಾಪೆ ಹಾಸಿ, ಸ್ಟೀಲ್ ಚಮಚ ಹಿಡಿದು ಕುಳಿತಳು. ಕೊಟ್ಟಾಗಲೆಲ್ಲ ಲೆಕ್ಕದ ಪಟ್ಟಿಯಲ್ಲಿ ಒಂದೊಂದು ಗೀಟು. ನಡುರಾತ್ರಿಯ ನಂತರ ಅಜ್ಜಿ ಕುಳಿತರಂತೆ, ಗೀಟು ನಿಲ್ಲಲಿಲ್ಲ. ಬೆಳಿಗ್ಗೆ ನಾನು ಹೋದಾಗ ಆ ಹಾಳೆಯಲ್ಲಿ 60ಕ್ಕೂ ಹೆಚ್ಚು ಗೀಟುಗಳಿದ್ದವು. ನಾಯಿ ತೂರಾಡುತ್ತಾ ಎದ್ದು, ತೆಂಗಿನ ಬುಡಕ್ಕೆ ಹೋಗಿ ಮೂತ್ರ ಮಾಡಿತು. ಅದನ್ನು ಕಂಡು ನನಗಾದ ಸಂತೋಷ ಇಂದಿಗೂ ಮಾಸಿಲ್ಲ. ಮೈಯಲ್ಲಿ ನೀರು ಸೇರಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಔಷಧದ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿಗೆ ಕರಗಿಸಿ ಹೀಗೆಯೇ ಕೊಡಬಹುದು. ವಾಂತಿ ನಿಂತ ಮೇಲೆ ಮೆತ್ತಗೆ ಬೇಯಿಸಿದ ಬೆಳ್ತಿಗೆ ಅನ್ನ, ಅದಕ್ಕೆ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿ. ಮಾಂಸ ಮಾಡದ ಮನೆಯಲ್ಲಿ ಒಂದು ಚಮಚ ಮೊಸರು ಸಾಕು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ದಿನಕ್ಕೆ ನಾಲ್ಕು ಸಲ, ಒಂದೊಂದು ಹಿಡಿ. ನಿಮ್ಮ ಜ್ವರದ, ನೋವಿನ ಮಾತ್ರೆಗಳನ್ನು ನಾಯಿಯ ಬಾಯಿಗೆ ಹಾಕಲೇಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗುತ್ತವೆ.

ಮರಿಗಳಿಗೆ ಮಾತ್ರ ಉಪವಾಸ ಬೇಡ, ಮನೆ ಮದ್ದೂ ಬೇಡ. ಲಸಿಕೆಯಾಗದ ಮರಿ ವಾಂತಿ ಮಾಡಿ, ದುರ್ವಾಸನೆಯ ರಕ್ತಭೇದಿ ಆದರೆ ಅದು ಪಾರ್ವೊ ಎಂಬ ವೈರಸ್ ರೋಗ ಇರಬಹುದು. ಅದೇ ತಾಸಿನಲ್ಲಿ ಆಸ್ಪತ್ರೆಗೆ ಹೊರಡಿ. ಬೆಳೆದ ನಾಯಿಗೂ ರಕ್ತ ಬಿದ್ದರೆ, ಹೊಟ್ಟೆ ಉಬ್ಬಿದರೆ, ಚಮಚದ ನೀರೂ ನಿಲ್ಲದಿದ್ದರೆ, ಒಂದು ದಿನ ಕಳೆದರೂ ಗುಣ ಕಾಣದಿದ್ದರೆ ಕಾಯಬೇಡಿ. ಏನು ತಿಂದಿತ್ತು, ಎಷ್ಟು ಸಲ ಹೋಯಿತು ಎಂದು ಬರೆದುಕೊಂಡು ಬನ್ನಿ.

ಇಂದು ನಿಮ್ಮ ನಾಯಿ ಆರಾಮಾಗಿದ್ದರೆ, ಈ ಮಾತು ಮುಗಿದ ಕೂಡಲೇ ಎದ್ದು ಹೋಗಿ ಅದರ ತುಟಿ ಎತ್ತಿ ನೋಡಿ. ಒಸಡು ಗುಲಾಬಿಯಾಗಿ, ಒದ್ದೆಯಾಗಿ ಇರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಆ ಬಣ್ಣವನ್ನು ನೆನಪಿಟ್ಟುಕೊಳ್ಳಿ. ನಮಸ್ಕಾರ.