ಅರವತ್ತೊಂದನೇ ದಿನದ ಅರ್ಜಿ

ಕೇಳುಗರಿಗೆ ನಮಸ್ಕಾರ. ಪೊಲೀಸರು ಯಾರನ್ನೇ ಹಿಡಿದರೂ, ದಾರಿಯ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇಷ್ಟು ಬಹಳ ಜನಕ್ಕೆ ಗೊತ್ತು. ಅದರ ಮುಂದಿನ ಲೆಕ್ಕ ಮಾತ್ರ ಕೋರ್ಟು, ಜೈಲು ಅಂತ ಅಲೆಯುವ ಮನೆಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಇವತ್ತು ಆ ಲೆಕ್ಕವನ್ನೇ ಹೇಳುತ್ತೇನೆ.

ರಿಮಾಂಡ್ ಆದ ಮೇಲೆ, ಅಂದರೆ ಆರೋಪಿಯನ್ನು ಒಳಗಿಡಲು ಮ್ಯಾಜಿಸ್ಟ್ರೇಟರು ಆದೇಶ ಕೊಟ್ಟ ಮೇಲೆ, ಪೊಲೀಸರಿಗೂ ಒಂದು ಗಡುವಿದೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಕೇಸಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್, ಅಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ, ಬರಲಿಲ್ಲವೋ, ಜಾಮೀನು ಕೇಳುವುದು ಆರೋಪಿಯ ಹಕ್ಕು. ವಕೀಲರು ಇದಕ್ಕೆ ಡೀಫಾಲ್ಟ್ ಬೇಲ್ ಅಂತಾರೆ. ಸಾಕ್ಷಿ ಎಷ್ಟು ಗಟ್ಟಿ, ಆರೋಪಿ ಎಂಥವನು, ಇದನ್ನೆಲ್ಲ ಇಲ್ಲಿ ನೋಡುವ ಹಾಗಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು ಸೆಕ್ಷನ್ 167, 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 187.

ಈಗ ದಿನ ಎಣಿಸೋಣ. ಬಂಧನದ ದಿನದಿಂದಲ್ಲ, ರಿಮಾಂಡ್ ಆದ ದಿನದಿಂದ, ಆ ದಿನವನ್ನೂ ಸೇರಿಸಿಕೊಂಡು. ಜನವರಿ 1ಕ್ಕೆ ರಿಮಾಂಡ್ ಆಯಿತು ಅಂದುಕೊಳ್ಳಿ, ಫೆಬ್ರವರಿಗೆ 28 ದಿನ. ಆಗ 60ನೇ ದಿನ ಮಾರ್ಚ್ 1. ಮಾರ್ಚ್ 2ರ ಬೆಳಗ್ಗೆ ಹಕ್ಕು ಹುಟ್ಟಿತು. ಆದರೆ ಬಾಯಿಬಿಟ್ಟು ಕೇಳಬೇಕು! ಸುಮ್ನೆ ಕೂತು, ಮಧ್ಯಾಹ್ನ ಪೊಲೀಸರು ಚಾರ್ಜ್‌ಶೀಟ್ ಹಾಕಿಬಿಟ್ಟರೆ, ಸಂಜೆ ಹೋಗಿ ಕೇಳಿದರೂ ಈ ಹಕ್ಕು ಇಲ್ಲ.

ಮಾದಕ ವಸ್ತುವಿನ ದೊಡ್ಡ ಕೇಸುಗಳಲ್ಲಿ ಗಡುವು 180 ದಿನ. ಅಂಥ ಒಂದು ಕೇಸಿನಲ್ಲಿ, 181ನೇ ದಿನ ಬೆಳಗ್ಗೆ ಹತ್ತೂವರೆಗೆ ಆರೋಪಿಯ ವಕೀಲರು ಅರ್ಜಿ ಹಾಕಿದರು. ಆದೇಶ ಇನ್ನೂ ಬಂದಿರಲಿಲ್ಲ, ಅದೇ ಸಂಜೆ ತನಿಖಾ ಸಂಸ್ಥೆ ಇನ್ನೊಂದು ದೂರು ತಂದು ಹಾಕಿತು, ಇಂಥ ಕೇಸಿನಲ್ಲಿ ಚಾರ್ಜ್‌ಶೀಟ್ ಜಾಗದಲ್ಲಿ ಬರುವುದು ಈ ದೂರೇ. ಅರ್ಜಿ ಮೊದಲು ಬಂದಿದೆ, ಜಾಮೀನು ಕೊಡಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಾಮೀನು ಸಿಕ್ಕಿತು ಅಂತ ಮೈಮರೆಯಬೇಡಿ. ಕೋರ್ಟ್ ಕೊಟ್ಟ ಸಮಯದೊಳಗೆ ಪಹಣಿ ಹಿಡಿದು ಶ್ಯೂರಿಟಿಗೆ ಯಾರೂ ಬರಲಿಲ್ಲ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು ಅಂದರೆ ಸಿಕ್ಕಿದ್ದೂ ಕೈಜಾರುತ್ತದೆ.

ಇಷ್ಟೆಲ್ಲ ಗಡುವು ತನಿಖೆಗೆ. ವಿಚಾರಣೆ ಮುಗಿಸಲು? ಅಲ್ಲಿ ಕಟ್ಟುನಿಟ್ಟಾದ ಗಡುವಿಲ್ಲ, ವಾಯಿದೆ ಮೇಲೆ ವಾಯಿದೆ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಕಥೆ ಹೊರಗೆ ಬಂತು. ತಪ್ಪು ಸಾಬೀತಾದರೂ ಸಿಗಬಹುದಾಗಿದ್ದ ಶಿಕ್ಷೆಗಿಂತ ಜಾಸ್ತಿ ಕಾಲ ಜನ ವಿಚಾರಣೆಯೇ ಇಲ್ಲದೆ ಒಳಗಿದ್ದರು. ಬೇಗ ವಿಚಾರಣೆ ಆಗುವುದು ಆರೋಪಿಗೆ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಆಮೇಲೆ ಕೆಲವು ತೀರ್ಪುಗಳು ಇಷ್ಟು ವರ್ಷ ಅಂತ ಮಿತಿ ಹಾಕಿದವು. ಮಂಗಳೂರು ಪಾಲಿಕೆ ನೌಕರರೊಬ್ಬರ ಮೇಲಿನ, ಆದಾಯ ಮೀರಿದ ಆಸ್ತಿಯ ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ, 2002ರಲ್ಲಿ ಏಳು ನ್ಯಾಯಮೂರ್ತಿಗಳು ಆ ಮಿತಿಗಳನ್ನು ತೆಗೆದುಹಾಕಿದರು. ಹಕ್ಕು ಇದೆ, ಆದರೆ ಎಲ್ಲ ಕೇಸಿಗೂ ಒಂದೇ ಗಡುವು ಹಾಕಲು ಆಗುವುದಿಲ್ಲ ಅಂದರು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು, ಒಳಗೆ ಕೂತವನಿಗೆ ಅದರಿಂದ ಏನು ಬಂತು ಅನ್ನುವುದು ನನ್ನ ತಕರಾರು.

ಒಂದು ದಾರಿ ಇದೆ, ಅದೇ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479. ಮರಣದಂಡನೆ, ಜೀವಾವಧಿಯ ಕೇಸಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದವರು, ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದವರಾದರೆ ಮೂರನೇ ಒಂದು ಭಾಗ ಕಳೆದವರು, ಬಿಡುಗಡೆಗೆ ಅರ್ಹರು. ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದವರಿಗೆ ಇದು ಸಿಗುವುದಿಲ್ಲ. ಅರ್ಹರಾದವರ ಬಗ್ಗೆ ಜೈಲಿನ ಸೂಪರಿಂಟೆಂಡೆಂಟರೇ ಕೋರ್ಟಿಗೆ ಬರೆಯಬೇಕು. ಬರೆಯದಿದ್ದರೆ ಮನೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಒಳಗಿರುವವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಲು ಆದಾಯ ಎಷ್ಟು ಅಂತ ಕೇಳುವುದಿಲ್ಲ. ರಿಮಾಂಡ್ ಆದ ತಾರೀಕು ಬರೆದುಕೊಂಡು ಹೋಗಿ, ವಕೀಲರು ಮೊದಲು ಕೇಳುವುದು ಅದನ್ನೇ.