ಖಾಲಿ ಸೈಟಿನ ಬೆಲೆ ಏರಿಸಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ. ಬಾಡಿಗೆ ಮನೆಯಲ್ಲಿ ಕೂತು ಇದನ್ನು ಕೇಳುತ್ತಿದ್ದೀರಾ? ಈ ಮಾತು ನಿಮಗೇ.

ಒಂದು ಖಾಲಿ ಸೈಟು. ಹತ್ತು ವರ್ಷದಲ್ಲಿ ಅಲ್ಲಿ ಬೆಳೆದದ್ದು ಬರೀ ಕಳೆ. ಮಾಲೀಕರು ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ. ಆದರೂ ಬೆಲೆ ಏರಿದೆ. ಕೇಳಿದರೆ, ಅಲ್ಲಿ ಡಿಮ್ಯಾಂಡ್ ಇದೆ ಅಂತಾರೆ. ಆ ಡಿಮ್ಯಾಂಡ್ ಆಕಾಶದಿಂದ ಬಿತ್ತಾ? ಪಕ್ಕದಲ್ಲಿ ರಸ್ತೆ ಬಂತು, ನೀರು ಬಂತು, ಶಾಲೆ ಬಂತು, ಜನ ಬಂದರು. ನೆಲದ ಬೆಲೆ ಏರಿಸುವುದು ಸುತ್ತಲಿನ ಊರು. ಇವತ್ತು ನಾನು ಹೇಳುವುದು ಇದೊಂದೇ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಲಂಡನ್ನಿನ ಮೆಟ್ರೋಪಾಲಿಟನ್ ರೈಲ್ವೆ ಕಂಪನಿ. 1863ರಲ್ಲಿ ಜಗತ್ತಿನ ಮೊದಲ ಸುರಂಗ ರೈಲು ಓಡಿಸಿದವರು ಇವರೇ. ಆಮೇಲೆ ಹಳಿಯನ್ನು ವಾಯವ್ಯಕ್ಕೆ, ನಗರದಾಚೆಯ ಹೊಲಗಳ ನಡುವೆ ಎಳೆದುಕೊಂಡು ಹೋದರು. ಅಲ್ಲಿ ರೈಲು ಹತ್ತುವವರು ಯಾರು? ಹುಲ್ಲು, ಬೇಲಿ, ದನಗಳು, ಅಷ್ಟೇ. ಆದರೆ ಹಳಿ ಪಕ್ಕದ ಹೆಚ್ಚುವರಿ ಜಮೀನು ಇವರ ಕೈಯಲ್ಲಿತ್ತು. ಬೇರೆ ರೈಲು ಕಂಪನಿಗಳು ಅಂಥ ಜಮೀನನ್ನು ಮಾರಿಬಿಡಬೇಕಿತ್ತು. ಇವರು ಮಾತ್ರ ಅದನ್ನು ಉಳಿಸಿಕೊಳ್ಳಲು ಅನುಮತಿ ಪಡೆದಿದ್ದರು. 1915ರಲ್ಲಿ ಆ ಸೀಮೆಗೆ ‘ಮೆಟ್ರೋ-ಲ್ಯಾಂಡ್’ ಅಂತ ಹೆಸರಿಟ್ಟು ಪುಸ್ತಿಕೆ ತಂದರು. 1919ರಲ್ಲಿ ಬಡಾವಣೆ ಮಾಡಲೆಂದೇ ಇನ್ನೊಂದು ಕಂಪನಿ ಹುಟ್ಟಿತು. ವೆಂಬ್ಲಿ, ಪಿನ್ನರ್, ರಿಕ್‌ಮನ್ಸ್‌ವರ್ತ್ ಕಡೆಯೆಲ್ಲ ಮನೆಗಳೆದ್ದವು. ಮನೆ ಕೊಂಡವರು ಕೆಲಸಕ್ಕೆ ಹೋಗಲು ದಿನಾ ಹತ್ತಿದ್ದು ಇವರದೇ ರೈಲು! ರೈಲು ಸೈಟಿಗೆ ಬೆಲೆ ತಂತು, ಸೈಟು ರೈಲಿಗೆ ಜನರನ್ನು ತಂತು. ಎಷ್ಟು ಸಲ ಹೇಳಿದರೂ ನನಗೆ ಈ ಕಥೆ ಬೇಸರವಾಗಿಲ್ಲ.

ಸಮಯ ಓಡುತ್ತಿದೆ. ಹಾಂಗ್‌ಕಾಂಗ್ ಬಗ್ಗೆ ಎರಡೇ ಮಾತು. ಅಲ್ಲಿ ಮೆಟ್ರೋ ಓಡಲು ಶುರುವಾದದ್ದು 1979ರಲ್ಲಿ. ನಿಲ್ದಾಣದ ಮೇಲೆ, ಸುತ್ತಮುತ್ತ ಕಟ್ಟುವ ಹಕ್ಕನ್ನು ಸರ್ಕಾರ ಮೆಟ್ರೋ ಸಂಸ್ಥೆಗೇ ಕೊಡುತ್ತದೆ, ಅದೂ ರೈಲು ಬರುವ ಮುಂಚಿನ ಬೆಲೆಗೆ. ಏರಿದ ಬೆಲೆಯ ಲಾಭ ಹಳಿ ಹಾಕಲು ಒದಗುತ್ತದೆ.

ಹೆಚ್ಚಿನ ನಗರಗಳಲ್ಲಿ ಹೀಗಾಗುವುದಿಲ್ಲ. ರಸ್ತೆಗೆ ತೆರಿಗೆ ಕೊಡುವವರು ಎಲ್ಲರೂ, ಬೆಲೆ ಏರುವುದು ಪಕ್ಕದ ಸೈಟಿನವರಿಗೆ. ಬಾಡಿಗೆಯವರೋ, ತೆರಿಗೆಯನ್ನೂ ಕಟ್ಟುತ್ತಾರೆ, ರಸ್ತೆ ಬಂದ ಮೇಲೆ ಜಾಸ್ತಿ ಬಾಡಿಗೆಯನ್ನೂ ಕಟ್ಟುತ್ತಾರೆ. ಆಗದಿದ್ದರೆ ಇನ್ನೂ ದೂರಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಊರು ಹೊರಕ್ಕೆ ಹರಡುತ್ತದೆ. ನಡುವಿನ ಸೈಟು ಮಾತ್ರ ಬೆಲೆ ಇನ್ನೂ ಏರಲಿ ಅಂತ ಖಾಲಿ ಬಿದ್ದಿರುತ್ತದೆ.

ಕಟ್ಟಡಕ್ಕಲ್ಲ, ನೆಲದ ಬೆಲೆಗೆ ತೆರಿಗೆ ಹಾಕಿ ಅಂತ ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲೇ ವಾದಿಸಿದ್ದರು. ಹಾಗೆ ಮಾಡಿದರೆ ಸೈಟನ್ನು ಸುಮ್ನೆ ಇಟ್ಟುಕೊಳ್ಳುವುದು ದುಬಾರಿ. ಒಂದೋ ಅಲ್ಲಿ ಮನೆ ಕಟ್ಟಬೇಕು, ಇಲ್ಲವೇ ಕಟ್ಟುವವರಿಗೆ ಮಾರಬೇಕು. ನಮಸ್ಕಾರ.