ಕೆಜಿಎಫ್ ಶೆಡ್ಡಿನಲ್ಲಿ ಒಂದು ಸ್ನೋಬೋರ್ಡ್: ಎರಡನೇ ಪ್ರಯತ್ನ

ನಮಸ್ಕಾರ. ಬೆಳಿಗ್ಗೆ ಆರೂವರೆ ಗಂಟೆ, ಆಂಡರ್ಸನ್‌ಪೇಟೆ, ನಮ್ಮ ಶೆಡ್. ಇಷ್ಟು ಬೇಗ ಯಾಕೆ ಎದ್ದು ಬಂದಿದ್ದೇನೆ ಅಂತ ಹೇಳುತ್ತೇನೆ, ಅದು 2,400 ರೂಪಾಯಿಯ ಕಥೆ.

ಹಿಮವೇ ಬೀಳದ ಊರಲ್ಲಿ ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆ, ಮಾಡುವುದು ಯಾಕೆ ಅಂತ ತುಂಬಾ ಜನ ಕೇಳಿದ್ದೀರಿ. ಹೋದ ಜನವರಿಯಲ್ಲಿ ಮನಾಲಿ ಹತ್ತಿರದ ಸೋಲಾಂಗ್‌ನಲ್ಲಿ ಎರಡು ದಿನ ಬಾಡಿಗೆ ಬೋರ್ಡ್ ಮೇಲೆ ನಿಂತಿದ್ದೆ. ಅವತ್ತಿನಿಂದ ತಲೆಯಲ್ಲಿ ಬೇರೇನೂ ಇಲ್ಲ. ಅಪ್ಪ ಗಣಿಯಲ್ಲಿ ಬಡಗಿ ಆಗಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಅವರ ಉಳಿ, ಕೀಸುಳಿ ಎಲ್ಲ ಇಲ್ಲೇ ಇವೆ. ಮತ್ತೆ ಇನ್ನೇನು ಬೇಕು?

ಇವು ಸಿಲ್ವರ್ ಓಕ್ ಪಟ್ಟಿಗಳು. ಮುಳಬಾಗಿಲು ಕಡೆಯ ಒಂದು ತೋಟದ ಬದುವಿನಲ್ಲಿ ಬೆಳೆದ ಮರ. ತರಲು ಹೋದವನು ಎರಡು ದೋಸೆ ತಿಂದೇ ಬಂದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬೆಂಗಳೂರಲ್ಲಿ ಮುಳಬಾಗಿಲು ದೋಸೆ ಅಂತ ಬೋರ್ಡ್ ಹಾಕಿ ಕೊಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸರಿ, ಪಟ್ಟಿ ಅಂಟಿಸಿ ಆಯ್ತು, ಮುಂದೆ ಹೋಗೋಣ.

ಈಗ ರೆಸಿನ್, ಅಂದರೆ ಪದರಗಳನ್ನು ಹಿಡಿದಿಡುವ ಅಂಟು. ಹೋದ ವಾರ ಮಧ್ಯಾಹ್ನ ಎರಡು ಗಂಟೆಗೆ, ಈ ತಗಡಿನ ಶೆಡ್ಡಿನ ಕೆಳಗೆ, ಇಡೀ ಕಿಟ್ ಒಂದೇ ಪ್ಲಾಸ್ಟಿಕ್ ಜಗ್ಗಿಗೆ ಸುರಿದು ಕಲಸಿದೆ. ಬ್ರಷ್ ತರಲು ಒಳಗೆ ಹೋಗಿ ಬಂದೆ. ಅಷ್ಟರಲ್ಲಿ ಜಗ್ ಮುಟ್ಟಲಾಗದಷ್ಟು ಬಿಸಿ. ಇನ್ನು ಸ್ವಲ್ಪ ಹೊತ್ತಿಗೆ ಹೊಗೆ ಬಂತು, ಜಗ್ಗಿನ ತಳ ಮೆತ್ತಗಾಗಿ ಸೊಟ್ಟಗಾಯಿತು. ಕೋಲಿನಿಂದ ತಳ್ಳಿ ಮಣ್ಣಿನ ಮೇಲೆ ಹಾಕಿದೆ. ಆ ವಾಸನೆ ಗಂಟಲಲ್ಲಿ ಸಂಜೆಯವರೆಗೂ ಇತ್ತು. ಉಳಿದಿದ್ದು ಈ ಹಳದಿ ಗುಂಡು, ನೋಡಿ. 2,400 ರೂಪಾಯಿ. ಹೊಟ್ಟೆ ಉರಿಯಿತು.

ಯಾಕಾಯಿತು ಅಂದರೆ, ಎಪಾಕ್ಸಿ ರೆಸಿನ್ನೂ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ರೂ ಸೇರಿದರೆ ತಾನಾಗೇ ಬಿಸಿ ಹುಟ್ಟುತ್ತದೆ. ಆಳವಾದ ಪಾತ್ರೆಯಲ್ಲಿ ಆ ಬಿಸಿ ಹೊರಗೆ ಹೋಗಲ್ಲ. ಬಿಸಿ ಏರಿದಷ್ಟೂ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದಷ್ಟೂ ಇನ್ನೂ ಬಿಸಿ. ಅದಕ್ಕೇ ಇವತ್ತು ಬೆಳಗಿನ ತಂಪಿನಲ್ಲಿ, ಅಗಲವಾದ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪವೇ ಕಲಸುತ್ತಿದ್ದೇನೆ. ನೀವು ಮಾಡುವುದಾದರೆ ಕಿಟಕಿ ತೆಗೆದು, ಕೈಗವಸು ಹಾಕಿಕೊಂಡು ಮಾಡಿ. ದಯವಿಟ್ಟು.

ಗಾಜಿನ ಎಳೆಯ ಬಟ್ಟೆ, ಅಂದರೆ ಫೈಬರ್‌ಗ್ಲಾಸ್, ಹಾಸಿದ್ದಾಯಿತು. ಇನ್ನು ಕ್ಲ್ಯಾಂಪ್. ಹದಿನಾಲ್ಕು ಬಿಗಿಯಬೇಕು, ಅಲ್ಲಿಯವರೆಗೆ ಸ್ನೋಬೋರ್ಡ್ ಮಾಡುವ ಬರ್ಟನ್ ಕಂಪನಿಯ ಕಥೆ ಹೇಳುತ್ತೇನೆ.

1965ರ ಕ್ರಿಸ್‌ಮಸ್ ದಿನ, ಅಮೆರಿಕದ ಮಿಶಿಗನ್‌ನಲ್ಲಿ ಶೆರ್ಮನ್ ಪಾಪೆನ್ ಅನ್ನುವವರು ತಮ್ಮ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀ, ಅಂದರೆ ಒಂದೊಂದು ಕಾಲಿಗೆ ಹಾಕಿ ಹಿಮದ ಮೇಲೆ ಜಾರುವ ಉದ್ದ ಹಲಗೆ, ಜೋಡಿಸಿ ಒಂದೇ ಹಲಗೆ ಮಾಡಿದರು. ಹೆಸರು ಸ್ನರ್ಫರ್. ಮುಂದೆ ಹಿಡಿಯಲು ಒಂದು ಹಗ್ಗ, ಅಷ್ಟೇ. ಅದನ್ನು ಆಡುತ್ತಾ ಬೆಳೆದ ಹುಡುಗ ಜೇಕ್ ಬರ್ಟನ್ ಕಾರ್ಪೆಂಟರ್. 1977ರಲ್ಲಿ ನ್ಯೂಯಾರ್ಕಿನ ಕೆಲಸ ಬಿಟ್ಟು ವರ್ಮಾಂಟ್‌ನ ಲಂಡನ್‌ಡೆರಿ ಅನ್ನುವ ಸಣ್ಣ ಊರಿಗೆ ಹೋಗಿ ಕಂಪನಿ ಶುರು ಮಾಡಿದ. ಖರ್ಚಿಗೆ ರಾತ್ರಿ ಬಾರಿನಲ್ಲಿ ಕೆಲಸ, ಬೇಸಿಗೆಯಲ್ಲಿ ಟೆನಿಸ್ ಪಾಠ.

ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಪಾಪೆನ್ ಕಂಡುಹಿಡಿದದ್ದು, ಹೆಸರು ಬರ್ಟನ್‌ಗೆ! ಸೋಲಾಂಗ್‌ನಲ್ಲಿ ನಿಂತ ಮೇಲೆ ಮನಸ್ಸು ಬದಲಾಯಿತು. ಬರ್ಟನ್ ಹಲಗೆಯ ಮೇಲೆ ಕಾಲು ಕಟ್ಟಿಕೊಳ್ಳುವ ಪಟ್ಟಿ ಹಾಕಿದ. ಪಟ್ಟಿ ಇಲ್ಲದಿದ್ದರೆ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ತಿರುಗಿಸುವುದು ಬಹಳ ಕಷ್ಟ. 1979ರಲ್ಲಿ ಮಿಶಿಗನ್‌ನ ಸ್ನರ್ಫರ್ ಸ್ಪರ್ಧೆಗೆ ಆ ಬೋರ್ಡ್ ತಗೊಂಡು ಹೋದರೆ, ಬೇರೆಯವರು ಇದು ಸ್ನರ್ಫರ್ರೇ ಅಲ್ಲ ಅಂತ ಗಲಾಟೆ ಮಾಡಿದರು. ಅವನಿಗೆ ಬೇರೆ ವಿಭಾಗ ಮಾಡಿಕೊಡಬೇಕಾಯಿತು. ಆದರೂ ಪಾಪೆನ್ ಹೆಸರು ಜಾಸ್ತಿ ಜನಕ್ಕೆ ಗೊತ್ತಾಗಬೇಕು, ಆ ಮಾತು ನಾನು ಬಿಡಲ್ಲ.

ಒಂಬತ್ತನೇ ಕ್ಲ್ಯಾಂಪ್. ಕೈ ನೋಯುತ್ತಿದೆ.

ಬೋರ್ಡ್ ಮಾಡುವುದಕ್ಕಿಂತ ಕಷ್ಟವಾದದ್ದು ಜಾರಲು ಜಾಗ ಪಡೆಯುವುದು. ಸ್ಕೀ ರೆಸಾರ್ಟ್‌ಗಳು ಒಳಗೇ ಬಿಡುತ್ತಿರಲಿಲ್ಲ. ಕೇಳಿ ಕೇಳಿ, 1983ರಲ್ಲಿ ವರ್ಮಾಂಟ್‌ನ ಸ್ಟ್ರ್ಯಾಟನ್ ಬೆಟ್ಟ ಬಾಗಿಲು ತೆಗೆಯಿತು. ನಾನು ನೋಡಿದ ಹಾಗೆ ಕಂಪನಿ ಬೆಳೆದದ್ದು ಆ ಬಾಗಿಲಿನಿಂದ. ಜಾರಲು ಜಾಗವಿಲ್ಲದ ಮೇಲೆ ಬೋರ್ಡ್ ಯಾರು ತಗೋತಾರೆ? ಆಮೇಲೆ ಆಸ್ಟ್ರಿಯಾದ ಸ್ಕೀ ಫ್ಯಾಕ್ಟರಿಯಲ್ಲಿ ಬೋರ್ಡ್ ಮಾಡಿಸಿದರು, ಹಲಗೆಯ ಜೊತೆಗೆ ಬೂಟು, ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್, ಜಾಕೆಟ್ ಬಂತು. 1998ರ ನಗಾನೋ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಸೇರಿತು. ಜೇಕ್ 2019ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಎಲ್ಲ ನೋಡಿಬಿಟ್ಟಿದ್ದ.

ಇದು ಸಂಜೆಯ ಶಾಟ್, ಸೈನೈಡ್ ದಿಬ್ಬ. ಸೈನೈಡ್ ಹಾಕಿ ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡ. ಇಳಿಜಾರು ನೋಡಿದರೆ ಕಾಲು ತುರಿಸುತ್ತದೆ, ನಿಜ. ಗೆಳೆಯರೂ ಇಲ್ಲೇ ಟೆಸ್ಟ್ ಮಾಡು ಅಂದರು. ಮಾಡಲ್ಲ. ಗಾಳಿ ಬೀಸಿದಾಗ ಈ ಧೂಳು ಮನೆಯೊಳಗೆ ಬರುವುದನ್ನು ನೋಡಿಯೇ ಬೆಳೆದವನು ನಾನು. ಅಜ್ಜಿ ಅನ್ನದ ಪಾತ್ರೆ ಮುಚ್ಚಲು ಓಡುತ್ತಿದ್ದರು. ಇಲ್ಲಿ ಮರ ಬೆಳೆಸಿ, ಧೂಳು ನಿಲ್ಲಿಸಿ. ಆಟಕ್ಕೆ ಬೇರೆ ಜಾಗ ಕೊಡಿ. ಬೆಳಕು ಹೋಗ್ತಿದೆ, ನಡೀರಿ.

ಮರುದಿನ ಬೆಳಿಗ್ಗೆ. ಕ್ಲ್ಯಾಂಪ್ ಬಿಚ್ಚುತ್ತಿದ್ದೇನೆ. ಅಪ್ಪನೂ ಬಂದಿದ್ದಾರೆ. ಈ ಬೋರ್ಡಿಗೆ ಉಕ್ಕಿನ ಅಂಚಿಲ್ಲ, ಗಟ್ಟಿ ಮಂಜುಗಡ್ಡೆಯ ಮೇಲೆ ಹಿಡಿಯಲ್ಲ, ಮೆತ್ತನೆ ಹಿಮಕ್ಕೆ ಮಾತ್ರ. ಮೂತಿ ಮೇಲೆದ್ದಿದೆ, ನಡು ಸ್ವಲ್ಪ ಬಿಲ್ಲಿನ ಹಾಗೆ. ಅಪ್ಪ ಬೆರಳಿನಿಂದ ತಟ್ಟುತ್ತಿದ್ದಾರೆ, ಟೊಳ್ಳು ಸದ್ದು ಬಂದರೆ ಅಲ್ಲಿ ಅಂಟಿಲ್ಲ ಅಂತ ಅರ್ಥ. ಸುಮ್ನೆ ಕೇಳಿ ಒಂದು ನಿಮಿಷ.

ಹಿಂದಿನ ತುದಿಯಲ್ಲಿ ಒಂದು ಕಡೆ ಟೊಳ್ಳಿದೆ. ಒಂದೇ ಕಡೆ! ಅಲ್ಲಿ ಸೀಳಿ ರೆಸಿನ್ ತುಂಬಿದರೆ ಸಾಕು ಅಂತಿದ್ದಾರೆ ಅಪ್ಪ. ಬ್ಯಾಟರಿ ಕೆಂಪಾಯಿತು, ಮುಂದಿನದು ನಾಳೆ ತೋರಿಸುತ್ತೇನೆ.